ಡ್ರೈವರಿಲ್ಲದ ಗಾಡಿಗೆ ಡಬ್ಬಿ ಬರೆದ ದಿನಗಳು

ಹುಬ್ಬಳ್ಳಿಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಕುಳಿತು ನಾನು ಒಂದು ವರ್ಷ ಎಂಟು ತಿಂಗಳು ಅಮೆರಿಕದ ರಸ್ತೆಗಳಿಗೆ ಡಬ್ಬಿ ಬರೆದಿದ್ದೇನೆ. ‘ಡಬ್ಬಿ ಬರೆಯುವುದು’ ನಮ್ಮಪ್ಪ ಇಟ್ಟ ಹೆಸರು. ಆಫೀಸಿನಲ್ಲಿ ಅದಕ್ಕೆ ಅನೊಟೇಶನ್ ಎನ್ನುತ್ತಿದ್ದರು. ಕಂಪ್ಯೂಟರ್ ಪರದೆಯ ಮೇಲೆ ಒಂದು ಫೋಟೊ ಬರುತ್ತದೆ. ಅದರಲ್ಲಿ ಎಷ್ಟು ಮನುಷ್ಯರಿದ್ದಾರೋ ಅಷ್ಟೂ ಜನರ ಸುತ್ತ ಮೌಸಿನಿಂದ ಒಂದೊಂದು ಚೌಕ ಎಳೆಯಬೇಕು. ಕಾರಿಗೊಂದು, ಲಾರಿಗೊಂದು, ನಾಯಿಗೊಂದು, ಸಿಗ್ನಲ್ ದೀಪಕ್ಕೊಂದು. ಮುಗಿದರೆ ಮುಂದಿನ ಫೋಟೊ. ಹೀಗೆ ಲಕ್ಷಗಟ್ಟಲೆ ಫೋಟೊ ನೋಡಿದ ಮೇಲೆ ಡ್ರೈವರಿಲ್ಲದ ಕಾರು ‘ಇದು ಮನುಷ್ಯ, ಇದು ಕಂಬ’ ಎಂದು ಕಲಿಯುತ್ತದೆ ಎಂದು ನಮಗೆ ಮೊದಲ ದಿನ ಹೇಳಿದ್ದರು.

ಇದನ್ನೆಲ್ಲ ಮನೆಯಲ್ಲಿ ವಿವರಿಸಿದಾಗ ಅಪ್ಪ ಊಟದ ತಾಟಿನ ಮುಂದೆ ಕುಳಿತಿದ್ದ. ಮೂವತ್ತೊಂದು ವರ್ಷ ಲಾರಿ ಓಡಿಸಿದವನು. ಬ್ಯಾಡಗಿ ಮೆಣಸಿನಕಾಯಿ, ಗೋವಿನಜೋಳ, ಹತ್ತಿ, ಏನು ಸಿಕ್ಕರೆ ಅದನ್ನು ಹೇರಿಕೊಂಡು ಕೊಲ್ಲಾಪುರ, ಸಾತಾರಾ, ಪುಣೆ ದಾಟಿ ಮುಂಬೈಗೆ ಹೋಗಿ ಬರುತ್ತಿದ್ದವನು.

“ಅಂದ್ರ ಡಬ್ಬಿ ಬರಿಯೂ ಕೆಲಸ ಅನ್ನು. ಅದಕ್ಕ ಬಿಸಿಎ ಯಾಕ ಬೇಕಿತ್ತು ಯವ್ವಾ?”

ಆಮೇಲೆ ರೊಟ್ಟಿ ಮುರಿಯುತ್ತ, “ಡ್ರೈವರ್ ಇಲ್ಲದ ಗಾಡಿ ಅಂದ್ರ ನನ್ನ ಹೊಟ್ಟಿ ಮ್ಯಾಲ ಹೊಡಿಯಾಕ ನನ್ನ ಮಗಳನ್ನ ಇಟ್ಕೊಂಡಾರ” ಎಂದು ಜೋರಾಗಿ ನಕ್ಕ. ಅವ್ವ ನಗಲಿಲ್ಲ. ಸಂಬಳ ಎಷ್ಟು ಎಂದು ಕೇಳಿದಳು.

ನಾನು ಸೇರಿದ್ದು 2021ರ ಆಗಸ್ಟ್ ಮೊದಲ ವಾರ. ದಿನಾಂಕ ನೆನಪಿರಲು ಕಾರಣವಿದೆ. ಅದಕ್ಕೆ ಸ್ವಲ್ಪ ದಿನ ಮುಂಚೆ, ಜುಲೈ 28ರಂದು, ನಮ್ಮ ಶಿಗ್ಗಾಂವಿಯ ಶಾಸಕರಾದ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದರು. ಊರ ತುಂಬ ಬ್ಯಾನರುಗಳು. ನನಗೆ ಕೆಲಸ ಸಿಕ್ಕಿದ್ದೂ ಅದೇ ಪುಣ್ಯದಲ್ಲಿ ಎಂಬಂತೆ ಓಣಿಯ ಕೆಲವರು ಮಾತಾಡಿದ್ದರು. ಹಿಂದಿನ ಮುಖ್ಯಮಂತ್ರಿ ಕುರ್ಚಿ ಬಿಡುವಾಗ ಕಣ್ಣೀರು ಹಾಕಿದ್ದನ್ನು ಟಿವಿಯಲ್ಲಿ ನೋಡಿದ್ದೆವು. ರಾಜಕೀಯದಲ್ಲಿ ಕುರ್ಚಿ ಅಲುಗಾಡುವುದು ಊರಿಗೆಲ್ಲ ತಿಳಿಯುತ್ತದೆ, ಚಹಾದಂಗಡಿಯಲ್ಲಿ ಆರು ತಿಂಗಳು ಮುಂಚೆಯೇ ತಿಳಿಯುತ್ತದೆ. ನಾನು ಸೇರಿದ ಲೋಕದಲ್ಲಿ ಹಾಗಿರಲಿಲ್ಲ ಎಂಬುದು ಗೊತ್ತಾಗಲು ನನಗೆ ಬಹಳ ದಿನ ಹಿಡಿಯಿತು.

ಬೆಳಿಗ್ಗೆ ಆರೂಮುಕ್ಕಾಲರ ಬಸ್ಸು. ಗೊಟಗೋಡಿಯ ರಾಕ್ ಗಾರ್ಡನ್, ತಡಸ ಕ್ರಾಸ್, ವರೂರಿನ ಬಸದಿ, ಆಮೇಲೆ ಹುಬ್ಬಳ್ಳಿಯ ಧೂಳು. ಕುಳಿತ ತಕ್ಷಣ ಇನ್ನೊಂದು ಊರು. ನಮ್ಮ ಯಾರಿಗೂ ಆ ಊರಿನ ಹೆಸರು ಹೇಳಿರಲಿಲ್ಲ. ಕೆಲಸ ಕೊಡುತ್ತಿದ್ದ ಕಂಪನಿಯ ಹೆಸರೂ ಗೊತ್ತಿಲ್ಲ. ಪ್ರಾಜೆಕ್ಟಿಗೆ ಒಂದು ಹೂವಿನ ಹೆಸರಿನ ಕೋಡ್ ಇತ್ತು, ಅಷ್ಟೆ. ಆದರೆ ದಿನಕ್ಕೆ ಎಂಟು ತಾಸು ಅದೇ ಬೀದಿಗಳನ್ನು ನೋಡಿದರೆ ಊರು ತಾನಾಗಿಯೇ ಪರಿಚಯವಾಗುತ್ತದೆ. ಏರುಬೀದಿಯ ಮೂಲೆಯಲ್ಲಿ ಕೆಂಪು ಬಾಗಿಲಿನ ಒಂದು ಬೇಕರಿ. ಅದರ ಮುಂದೆ ಮೂರು ನಾಯಿಗಳನ್ನು ಹಿಡಿದು ನಡೆಯುವ ಒಬ್ಬ ಮುದುಕಿ. ಅವಳಿಗೆ ನಾನು ಕನಿಷ್ಠ ನಾಲ್ಕುನೂರು ಡಬ್ಬಿ ಬರೆದಿರಬೇಕು. ಒಂದು ಚಳಿಗಾಲದ ನಂತರ ಎರಡೇ ನಾಯಿ ಕಾಣಿಸಿದವು. ಆವತ್ತು ಬಸ್ಸಿನಲ್ಲಿ ಮನೆಗೆ ಬರುವವರೆಗೂ ಅದೇ ನೆನಪಾಗುತ್ತಿತ್ತು.

ನಿಯಮಗಳ ಪುಸ್ತಕ ಎಪ್ಪತ್ತು ಪುಟದ್ದು. ಸೈಕಲ್ ಮೇಲೆ ಕುಳಿತವನು ‘ಸೈಕ್ಲಿಸ್ಟ್’. ಸೈಕಲ್ ತಳ್ಳಿಕೊಂಡು ಹೋಗುವವನು ‘ಪಾದಚಾರಿ’, ಅವನ ಸೈಕಲ್ಲಿಗೆ ಬೇರೆ ಡಬ್ಬಿ. ಬಸ್ಸಿನ ಮೇಲಿನ ಜಾಹೀರಾತಿನಲ್ಲಿರುವ ಹೆಂಗಸು ಮನುಷ್ಯಳಲ್ಲ. ಅಂಗಡಿ ಗಾಜಿನಲ್ಲಿ ಕಾಣುವ ಪ್ರತಿಬಿಂಬ ಮನುಷ್ಯನಲ್ಲ. ಅರ್ಧ ಮರೆಯಾದವನು ಮನುಷ್ಯನೇ, ಆದರೆ ಎಷ್ಟು ಪಾಲು ಮರೆಯಾಗಿದ್ದಾನೆ ಎಂದು ಗುರುತು ಹಾಕಬೇಕು. ಅಕ್ಟೋಬರ್ ಕೊನೆಯ ಫೋಟೊಗಳಲ್ಲಿ ಡೈನೋಸಾರ್ ವೇಷ ಹಾಕಿದವರು, ಮೈಗೆ ಬಿಳಿ ಬಟ್ಟೆ ಸುತ್ತಿಕೊಂಡ ಮಕ್ಕಳು. ಡೈನೋಸಾರ್ ಮನುಷ್ಯ ಹೌದೋ ಅಲ್ಲವೋ ಎಂದು ನಮ್ಮ ಟೀಮ್ ಲೀಡರ್ ಇಮೇಲ್ ಬರೆದು ಕೇಳಿದ್ದರು. ಎರಡು ದಿನದ ಮೇಲೆ ಉತ್ತರ ಬಂತು: ಹೌದು. ನನ್ನ ಪಕ್ಕ ಕೂರುತ್ತಿದ್ದ ಸವಣೂರಿನ ಹುಡುಗಿ, “ನಮ್ಮೂರ ಜಾತ್ರ್ಯಾಗ ಈ ಕಾರು ಬಿಟ್ರ ಮುಗೀತು, ಹುಲಿವ್ಯಾಸದವರನ್ನ ನೋಡಿ ಓಡಿಹೋಗತೈತಿ” ಎಂದು ನಗಿಸುತ್ತಿದ್ದಳು. ಅವಳು ತರುತ್ತಿದ್ದ ಖಾರದ ಪೊಟ್ಟಣ ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು.

ತಿಂಗಳಿಗೊಮ್ಮೆ ಮ್ಯಾನೇಜರ್ ಎಲ್ಲರನ್ನೂ ಕೂಡಿಸಿ ಸ್ಲೈಡ್ ತೋರಿಸುತ್ತಿದ್ದರು. ಇನ್ನು ಮೂರ್ನಾಲ್ಕು ವರ್ಷದಲ್ಲಿ ಜಗತ್ತೇ ಬದಲಾಗುತ್ತದೆ, ನೀವು ಅದರ ಅಡಿಪಾಯ ಹಾಕುತ್ತಿದ್ದೀರಿ ಎನ್ನುತ್ತಿದ್ದರು. ನಾವು ನಂಬಿದ್ದೆವು. ಸುಳ್ಳೇಕೆ ಹೇಳಲಿ, ನಂಬಲು ಚೆನ್ನಾಗಿತ್ತು. ಆ ‘ಮೂರ್ನಾಲ್ಕು ವರ್ಷ’ ಹಳೆಯ ಮಾತು ಎಂದು ಆಮೇಲೆ ಓದಿಕೊಂಡಾಗ ತಿಳಿಯಿತು. ಗೂಗಲ್‌ನ ಕಾರು ಯೋಜನೆಯ ಮುಖ್ಯಸ್ಥರಾಗಿದ್ದ ಕ್ರಿಸ್ ಅರ್ಮ್ಸನ್ 2015ರಲ್ಲಿ ವೇದಿಕೆಯ ಮೇಲೆ ನಿಂತು, ತನ್ನ ಹನ್ನೊಂದು ವರ್ಷದ ಮಗ ಮುಂದೆ ಲೈಸೆನ್ಸ್ ಮಾಡಿಸುವ ಅಗತ್ಯವೇ ಬೀಳದಂತೆ ಮಾಡುತ್ತೇವೆ ಎಂದಿದ್ದರು. ಮರುವರ್ಷವೇ ಅವರು ಗೂಗಲ್ ಬಿಟ್ಟರು. ಲಿಫ್ಟ್ ಕಂಪನಿಯ ಜಾನ್ ಝಿಮ್ಮರ್ 2016ರಲ್ಲಿ, 2025ರ ಹೊತ್ತಿಗೆ ಅಮೆರಿಕದ ದೊಡ್ಡ ನಗರಗಳಲ್ಲಿ ಸ್ವಂತ ಕಾರು ಇಟ್ಟುಕೊಳ್ಳುವ ರೂಢಿಯೇ ಬಹುಮಟ್ಟಿಗೆ ಮುಗಿಯುತ್ತದೆ ಎಂದು ಬರೆದರು. ಇಲಾನ್ ಮಸ್ಕ್ 2019ರಲ್ಲಿ ಮುಂದಿನ ವರ್ಷ ಹತ್ತು ಲಕ್ಷ ರೋಬೊಟ್ಯಾಕ್ಸಿ ಎಂದರು. ನಮ್ಮ ಕಡೆ ಮಳೆ ಹೇಳುವವರೂ ಇಷ್ಟು ಧೈರ್ಯ ಮಾಡುವುದಿಲ್ಲ.

ಈ ಗಾಡಿಗಳ ಕತೆಯಲ್ಲಿ ನನಗೆ ಮರೆಯಲಾಗದ ಮನುಷ್ಯ ಆಂಥನಿ ಲೆವಾಂಡೋವ್ಸ್ಕಿ. 2004ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಮರುಭೂಮಿಯಲ್ಲಿ ಡ್ರೈವರಿಲ್ಲದ ಗಾಡಿಗಳ ಸ್ಪರ್ಧೆ ಇಟ್ಟಾಗ ಈತ ಕಾರಿನ ಬದಲು ತಾನಾಗಿ ಓಡುವ ಮೋಟಾರ್ ಸೈಕಲ್ ತಂದಿದ್ದ. ಅದನ್ನು ಬೀಳದಂತೆ ಹಿಡಿಯುವ ಸ್ವಿಚ್ ಹಾಕುವುದನ್ನೇ ಮರೆತಿದ್ದರಿಂದ ಗಾಡಿ ಹೊರಟಲ್ಲೇ ಬಿತ್ತು. ಆ ವರ್ಷ ಯಾವ ಗಾಡಿಯೂ ಗುರಿ ಮುಟ್ಟಲಿಲ್ಲ, ಎಲ್ಲರಿಗಿಂತ ಮುಂದೆ ಹೋದದ್ದು ಏಳೂವರೆ ಮೈಲಿಯಷ್ಟೂ ಓಡಲಿಲ್ಲ. ಮುಂದೆ ಲೆವಾಂಡೋವ್ಸ್ಕಿ ಗೂಗಲ್‌ನಲ್ಲಿ ದೊಡ್ಡವನಾದ. 2016ರ ಜನವರಿಯಲ್ಲಿ ಹೊರಬಿದ್ದು ಸ್ವಂತ ಟ್ರಕ್ ಕಂಪನಿ ಮಾಡಿದ. ಆಗಸ್ಟಿನಲ್ಲಿ ಅದನ್ನು ಊಬರ್ ಕೊಂಡಿತು. ಮರುವರ್ಷ ವೇಮೊ, ಅಂದರೆ ಗೂಗಲ್‌ನ ಕಾರು ಕಂಪನಿ, ನಮ್ಮ ಗುಟ್ಟುಗಳನ್ನು ಕದ್ದೊಯ್ದಿದ್ದಾನೆಂದು ಕೋರ್ಟಿಗೆ ಹೋಯಿತು. ಊಬರ್ ಅವನನ್ನು ತೆಗೆದುಹಾಕಿತು. 2020ರ ಆಗಸ್ಟಿನಲ್ಲಿ 18 ತಿಂಗಳ ಜೈಲು ಎಂದು ತೀರ್ಪಾಯಿತು. ಒಳಗೆ ಹೋಗುವ ಮೊದಲೇ, 2021ರ ಜನವರಿಯಲ್ಲಿ, ಅಧಿಕಾರ ಬಿಡುವ ಹೊತ್ತಿಗೆ ಟ್ರಂಪ್ ಕ್ಷಮಾದಾನ ಕೊಟ್ಟರು. ಇದರ ನಡುವೆ ಈತ ಕೃತಕ ಬುದ್ಧಿಮತ್ತೆಗೆಂದು ಒಂದು ಚರ್ಚನ್ನೂ ನೋಂದಾಯಿಸಿದ್ದ. ಶರೀಫರ ಶಿಶುನಾಳ, ಕನಕದಾಸರ ಬಾಡ ಎರಡೂ ಇರುವ ತಾಲೂಕಿನವಳು ನಾನು. ಹೊಸ ದೇವರು ಹುಟ್ಟಿದ ಸುದ್ದಿ ಕೇಳಿದರೆ ಗಾಬರಿಯಾಗುವುದಿಲ್ಲ. ಆದರೆ ಕಾರಿಗೆ ದಾರಿ ಕಲಿಸಲು ಹೋದವನು ದೇವರಲ್ಲಿಗೆ ಹೇಗೆ ತಲುಪಿದ ಎಂದು ಇವತ್ತಿಗೂ ಆಶ್ಚರ್ಯ.

ಈ ಕತೆಯನ್ನು ಅಪ್ಪನಿಗೆ ಹೇಳಿದ್ದೆ. ಅವನು ಕೇಳಿ ಸುಮ್ಮನಾದ. ಅವನನ್ನು ಮಾತಾಡಿಸಿದ್ದು ಇನ್ನೊಂದು ಕತೆ.

2018ರ ಮಾರ್ಚ್ 18ರ ರಾತ್ರಿ ಹತ್ತರ ಸುಮಾರಿಗೆ, ಅರಿಝೋನಾದ ಟೆಂಪಿ ಎಂಬ ಊರಿನಲ್ಲಿ ಇಲೇನ್ ಹರ್ಝ್‌ಬರ್ಗ್ ಎಂಬ 49 ವರ್ಷದ ಹೆಂಗಸು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದಳು. ಸೈಕಲ್ಲಿಗೆ ಚೀಲಗಳು ಜೋತುಬಿದ್ದಿದ್ದವು. ಊಬರ್‌ನ ಪ್ರಯೋಗದ ಕಾರು ಅವಳನ್ನು ಹೊಡೆದು ಕೊಂದಿತು. ಡ್ರೈವರಿಲ್ಲದ ಕಾರು ಪಾದಚಾರಿಯೊಬ್ಬರನ್ನು ಕೊಂದ ಮೊದಲ ಪ್ರಕರಣ ಅದು. ತನಿಖೆಯ ವರದಿಯನ್ನು ನಾನು ಕೆಲಸ ಹೋದ ಮೇಲೆ, ಬಿಡುವಿನಲ್ಲಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಕಾರಿಗೆ ಅವಳು ಕಾಣಿಸಿರಲಿಲ್ಲ ಎಂದಲ್ಲ. ಹೊಡೆಯುವ 5.6 ಸೆಕೆಂಡ್ ಮೊದಲೇ ಕಾಣಿಸಿದ್ದಳು. ಆದರೆ ಅವಳು ಏನು ಎಂಬುದು ಗೊತ್ತಾಗಲಿಲ್ಲ. ಒಮ್ಮೆ ವಾಹನ ಎಂದಿತು, ಒಮ್ಮೆ ಏನೋ ಒಂದು ವಸ್ತು ಎಂದಿತು, ಆಮೇಲೆ ಸೈಕಲ್ ಎಂದಿತು. ಪ್ರತಿಸಲ ಹೆಸರು ಬದಲಾದಾಗಲೂ ಅವಳು ಎಲ್ಲಿಂದ ಎಲ್ಲಿಗೆ ಹೊರಟಿದ್ದಾಳೆ ಎಂಬ ಹಿಂದಿನ ಲೆಕ್ಕ ಅಳಿಸಿಹೋಗುತ್ತಿತ್ತು. ಜನ ಎಲ್ಲೆಂದರಲ್ಲಿ ರಸ್ತೆ ದಾಟುತ್ತಾರೆ ಎಂಬ ಸಾಧ್ಯತೆಯನ್ನೇ ಆ ವ್ಯವಸ್ಥೆಯಲ್ಲಿ ಇಟ್ಟಿರಲಿಲ್ಲ.

‘ಸೈಕಲ್ ತಳ್ಳಿಕೊಂಡು ಹೋಗುವವನು ಪಾದಚಾರಿ, ಸೈಕಲ್ಲಿಗೆ ಬೇರೆ ಡಬ್ಬಿ.’ ನಮ್ಮ ಪುಸ್ತಕದ ಆ ಸಾಲನ್ನು ನಾವು ಬಾಯಿಪಾಠ ಮಾಡಿ, ತಪ್ಪಿದರೆ ಅಂಕ ಕಳೆದುಕೊಂಡು, ಗೊಣಗಿದ್ದೆವು. ಅದು ಒಬ್ಬ ಹೆಂಗಸಿನ ಸಾವಿನ ನಂತರ ಬರೆದ ಸಾಲಿರಬಹುದು ಎಂದು ಹೊಳೆದಾಗ ಕೈಯೆಲ್ಲ ತಣ್ಣಗಾಯಿತು. ಸಂಜೆ ನಾಲ್ಕರ ನಂತರ ಕಣ್ಣು ಉರಿಯುವಾಗ ನಾನು ಎಷ್ಟು ಡಬ್ಬಿಗಳನ್ನು ಅಂದಾಜಿನಲ್ಲಿ ಎಳೆದಿದ್ದೆನೋ.

ಶಿಕ್ಷೆಯಾದದ್ದು ಯಾರಿಗೆ? ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಆಧಾರವಿಲ್ಲ ಎಂದು 2019ರಲ್ಲಿ ಸರ್ಕಾರಿ ವಕೀಲರು ಹೇಳಿದರು. ಆ ಕಾರಿನಲ್ಲಿ ಕಾವಲಿಗೆಂದು ಕೂರಿಸಿದ್ದ ರಫೇಲಾ ವಾಸ್ಕೆಜ್ ಎಂಬಾಕೆ ಆಗ ಫೋನಿನಲ್ಲಿ ಕಾರ್ಯಕ್ರಮ ನೋಡುತ್ತಿದ್ದಳೆಂದು ಆರೋಪ. 2023ರ ಜುಲೈನಲ್ಲಿ ತಪ್ಪೊಪ್ಪಿಕೊಂಡಳು. ಮೂರು ವರ್ಷ ನಿಗಾವಣೆಯ ಶಿಕ್ಷೆ. ಊಬರ್ ತನ್ನ ಆ ವಿಭಾಗವನ್ನು 2020ರ ಡಿಸೆಂಬರಿನಲ್ಲೇ ಅರೋರಾ ಎಂಬ ಕಂಪನಿಗೆ ದಾಟಿಸಿ ಕೈ ತೊಳೆದುಕೊಂಡಿತ್ತು. ಅರೋರಾ ಅಂದರೆ, ಮಗನಿಗೆ ಲೈಸೆನ್ಸ್ ಬೇಕಾಗುವುದಿಲ್ಲ ಎಂದಿದ್ದ ಅದೇ ಅರ್ಮ್ಸನ್ ಕಟ್ಟಿದ ಕಂಪನಿ.

ಅಪ್ಪ ಬೀಡಿ ಆರಿಸಿ ಹೇಳಿದ: “ಗಾಡಿ ತಾನ ಓಡತೈತಿ ಅಂತಾರ. ಕೇಸ್ ಆದ್ರ ಮಾತ್ರ ಡ್ರೈವರ್ ಬೇಕು. ಇದು ನಮ್ಮ ಲೈನಿನಾಗ ಹೊಸಾದೇನಲ್ಲ ಬಿಡು.”

ನಮ್ಮ ಹೂವಿನ ಪ್ರಾಜೆಕ್ಟ್ ನಿಂತದ್ದು 2023ರ ಮಾರ್ಚಿನಲ್ಲಿ, ಒಂದು ಸೋಮವಾರ. ಲಾಗಿನ್ ಆದರೆ ಪರದೆಯಲ್ಲಿ ಫೋಟೊಗಳಿಲ್ಲ. ಸರ್ವರ್ ತೊಂದರೆ ಎಂದುಕೊಂಡು ಮಧ್ಯಾಹ್ನದವರೆಗೆ ಖಾರ ತಿನ್ನುತ್ತ ಕುಳಿತೆವು. ಊಟದ ನಂತರ ಮ್ಯಾನೇಜರ್ ಬಂದು, ಆ ಕಡೆ ಹೊಸ ಸಿಇಒ ಬಂದಿದ್ದಾರೆ, ಹಳೆಯವರನ್ನು ಬೋರ್ಡು ಇಳಿಸಿದೆ, ಹೊಸಬರು ಎಲ್ಲವನ್ನೂ ‘ಮರುಪರಿಶೀಲನೆ’ ಮಾಡುತ್ತಿದ್ದಾರೆ ಎಂದರು. ಅಲ್ಲಿಯವರೆಗೆ ಹಳೆಯ ಸಿಇಒ ಒಬ್ಬ ಇದ್ದನೆಂಬುದೂ ನಮಗೆ ಗೊತ್ತಿರಲಿಲ್ಲ. ಅವನ ಕುರ್ಚಿ ಅಲುಗಾಡಿದ್ದು ಹನ್ನೆರಡು ಸಾವಿರ ಕಿಲೋಮೀಟರಿಗೂ ಆಚೆ. ಕಳಚಿ ಬಿದ್ದದ್ದು ಹುಬ್ಬಳ್ಳಿಯ ಮೂರನೇ ಮಹಡಿಯ ಅರವತ್ತು ಪ್ಲಾಸ್ಟಿಕ್ ಕುರ್ಚಿ. ನಲವತ್ತೊಂದು ಜನರಿಗೆ ಆ ತಿಂಗಳ ಸಂಬಳ ಕೊಟ್ಟು ಮುಗಿಸಿದರು. ಉಳಿದವರನ್ನು ಬಟ್ಟೆ ಅಂಗಡಿಯೊಂದರ ಫೋಟೊಗಳಿಗೆ ಹಾಕಿದರು. ನಾನು ನಲವತ್ತೊಂದರಲ್ಲಿದ್ದೆ, ಸವಣೂರಿನ ಹುಡುಗಿಯೂ. ನಮ್ಮ ಕೆಲಸದಲ್ಲಿ ತಪ್ಪಿತ್ತೇ ಎಂದು ಕೇಳಿದ್ದಕ್ಕೆ, “ಇಲ್ಲ, ನಿಮ್ಮ ಕ್ವಾಲಿಟಿ 98 ಪರ್ಸೆಂಟ್” ಎಂದರು. ಆ ಮಾತಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಕ್ಕೆವು.

ಮೂರು ತಿಂಗಳಿಗೆ ಸರ್ಕಾರ ಬದಲಾಗಿ, ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು. ಅಷ್ಟು ದಿನ ಪಾಸಿಗೆ ದುಡ್ಡು ಕೊಟ್ಟು ಓಡಾಡಿದವಳಿಗೆ ಈಗ ಹೋಗಲು ಆಫೀಸಿಲ್ಲ. ಶಿಗ್ಗಾಂವಿಯ ಒಂದು ಆನ್‌ಲೈನ್ ಸೆಂಟರಿನಲ್ಲಿ ಕುಳಿತೆ. ಜುಲೈನಿಂದ ಗೃಹಲಕ್ಷ್ಮಿ ಅರ್ಜಿಗಳ ಭರಾಟೆ ಶುರುವಾಯಿತು. ಅಲ್ಲೂ ಡಬ್ಬಿಗಳೇ: ಹೆಸರು, ಆಧಾರ್, ರೇಷನ್ ಕಾರ್ಡು, ಬ್ಯಾಂಕು. ಆದರೆ ಈ ಡಬ್ಬಿಯ ಮನುಷ್ಯರು ಎದುರಿಗೇ ನಿಂತು, “ಯವ್ವಾ, ನಂದು ಆತೇನ?” ಎಂದು ಕೇಳುತ್ತಿದ್ದರು.

ಆ ಲೋಕದ ಸುದ್ದಿಗಳನ್ನು ಓದುವ ಚಟ ಮಾತ್ರ ಬಿಡಲಿಲ್ಲ. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ರೂಸ್ ಎಂಬ ಕಂಪನಿಯ ಕಾರಿನ ಘಟನೆ ನಡೆಯಿತು. ಮನುಷ್ಯ ಓಡಿಸುತ್ತಿದ್ದ ಬೇರೊಂದು ಕಾರು ಒಬ್ಬ ಹೆಂಗಸಿಗೆ ಹೊಡೆದು ಅವಳನ್ನು ಕ್ರೂಸ್ ಕಾರಿನ ಮುಂದೆ ಎಸೆಯಿತು. ಕ್ರೂಸ್ ಕಾರು ಅವಳ ಮೇಲೆ ಹಾಯ್ದು ನಿಂತಿತು. ನಿಂತೇ ಇದ್ದಿದ್ದರೆ ಬೇರೆ ಮಾತು. ಡಿಕ್ಕಿಯಾದರೆ ರಸ್ತೆ ಬದಿಗೆ ಸರಿಯಬೇಕು ಎಂದು ಅದಕ್ಕೆ ಕಲಿಸಿದ್ದರು. ಅದು ಸರಿಯಿತು, ಕೆಳಗಿದ್ದ ಹೆಂಗಸನ್ನು 20 ಅಡಿಯಷ್ಟು ಎಳೆದುಕೊಂಡು. ಎಳೆದೊಯ್ದ ಭಾಗವನ್ನು ಕಂಪನಿ ಸರಿಯಾಗಿ ತಿಳಿಸಲಿಲ್ಲವೆಂದು ಅಕ್ಟೋಬರ್ 24ಕ್ಕೆ ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆ ಪರವಾನಗಿ ತಡೆಹಿಡಿಯಿತು. ನವೆಂಬರ್ 19ಕ್ಕೆ ಸಂಸ್ಥಾಪಕ ಕೈಲ್ ವೋಗ್ಟ್ ರಾಜೀನಾಮೆ. ಅದಕ್ಕೆ ಎರಡು ವರ್ಷ ಹಿಂದೆಯಷ್ಟೇ ಹಿಂದಿನ ಮುಖ್ಯಸ್ಥನನ್ನು ಇಳಿಸಿದಾಗ ಆ ಕುರ್ಚಿಗೆ ಬಂದವನು ಇದೇ ವೋಗ್ಟ್. ಡಿಸೆಂಬರಿನಲ್ಲಿ 900 ಜನರ ಕೆಲಸ ಹೋಯಿತು. 2024ರಲ್ಲಿ ಮತ್ತೊಬ್ಬ ಸಿಇಒ ಬಂದ. ಆ ವರ್ಷದ ಡಿಸೆಂಬರಿನಲ್ಲಿ, 1,000 ಕೋಟಿ ಡಾಲರಿಗೂ ಹೆಚ್ಚು ಸುರಿದಿದ್ದ ಜನರಲ್ ಮೋಟಾರ್ಸ್ ರೋಬೊಟ್ಯಾಕ್ಸಿಗೆ ಇನ್ನು ದುಡ್ಡಿಲ್ಲ ಎಂದಿತು. ಎಲ್ಲವೂ ಬರೀ ಗುಳ್ಳೆ ಎಂದೂ ನಾನು ಹೇಳಲಾರೆ. ವೇಮೊ ಕಾರುಗಳು 2025ರ ಏಪ್ರಿಲ್ ಹೊತ್ತಿಗೆ ವಾರಕ್ಕೆ ಎರಡೂವರೆ ಲಕ್ಷ ಬಾಡಿಗೆ ಹೊಡೆಯುತ್ತಿದ್ದವು, ಒಳಗೆ ಡ್ರೈವರ್ ಇಲ್ಲದೆಯೇ. ಯಾರು ಅಬ್ಬರಿಸುತ್ತಾರೆ, ಯಾರಿಗೆ ನಿಜಕ್ಕೂ ಬರುತ್ತದೆ ಎಂಬುದು ಹೊರಗೆ ನಿಂತವರಿಗೆ ತಿಳಿಯುವುದಿಲ್ಲ. ಒಳಗೆ ಕುಳಿತು ಡಬ್ಬಿ ಬರೆದವರಿಗೂ ತಿಳಿದಿರಲಿಲ್ಲ.

ಕ್ರೂಸ್ ಕಾರಿನ ಸುದ್ದಿ ಓದಿದಾಗ ನನಗೆ ಅಜ್ಜನ ಎತ್ತುಗಳು ನೆನಪಾದವು. ಅಜ್ಜನ ಊರು ಹೆದ್ದಾರಿಯ ಆಚೆ ಬದಿ. ಸಂತೆ ಮುಗಿಸಿ ಚಕ್ಕಡಿ ಹೂಡಿದನೆಂದರೆ ಊರ ಹೊರಗೆ ಬರುವಷ್ಟರಲ್ಲಿ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದ. ಎತ್ತುಗಳು ತಾವಾಗಿ ರಸ್ತೆ ದಾಟಿ, ಹಳ್ಳ ದಾಟಿ, ಮನೆ ಮುಂದೆ ನಿಂತು ಕೊರಳ ಗಂಟೆ ಅಲ್ಲಾಡಿಸುತ್ತಿದ್ದವು. ಹೆದ್ದಾರಿ ನಾಲ್ಕು ಪಥದ್ದಾದ ವರ್ಷ, ಒಂದು ರಾತ್ರಿ, ಎತ್ತುಗಳು ರೂಢಿಯ ಜಾಗಕ್ಕೆ ಬಂದರೆ ನಡುವೆ ಡಿವೈಡರ್. ಹಿಂದೆ ಹೋಗಲಿಲ್ಲ, ಬದಿಗೆ ಸರಿಯಲಿಲ್ಲ. ಅಲ್ಲೇ ನಿಂತವು. ಎರಡೂ ಕಡೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವಂತೆ. ಅಜ್ಜನಿಗೆ ಎಚ್ಚರವಾದಾಗ ಒಬ್ಬ ಲಾರಿ ಕ್ಲೀನರ್ ಎತ್ತಿನ ಮೂಗುದಾಣ ಹಿಡಿದು ನಿಂತಿದ್ದ. ಅಜ್ಜ ಆಮೇಲೆ ಚಕ್ಕಡಿಯಲ್ಲಿ ಮಲಗಲಿಲ್ಲ. ಆ ಎತ್ತುಗಳನ್ನು ಮಾರುವಾಗ ಮಾತ್ರ, “ದಾರಿ ತಿಳೀದಿದ್ರ ನಿಲ್ಲತಾವು” ಎಂಬುದನ್ನೇ ಗುಣವೆಂದು ಹೇಳಿ ಐದುನೂರು ಹೆಚ್ಚಿಗೆ ಕೇಳಿದ್ದನಂತೆ.

2023ರ ಡಿಸೆಂಬರಿನಲ್ಲಿ ನಿತಿನ್ ಗಡ್ಕರಿಯವರು, ಡ್ರೈವರಿಲ್ಲದ ಕಾರುಗಳನ್ನು ಭಾರತಕ್ಕೆ ಬಿಡುವುದಿಲ್ಲ, 70-80 ಲಕ್ಷ ಡ್ರೈವರುಗಳ ಕೆಲಸ ಹೋಗುತ್ತದೆ ಎಂದರು. 2017ರಲ್ಲೂ ಹೀಗೇ ಹೇಳಿದ್ದರು. ಅಪ್ಪ ಖುಷಿಯಾದ. “ಅದರಾಗ ನನ್ನ ಲೆಕ್ಕಾನೂ ಹಿಡದಾರೇನ ಕೇಳು” ಎಂದ. ಅವನು ಮುಂಬೈ ಲೈನ್ ಬಿಟ್ಟು ಎರಡು ವರ್ಷವಾಗಿತ್ತು. ಯಂತ್ರದಿಂದಲ್ಲ, ಸೊಂಟ ನೋವಿನಿಂದ. ಈಗ ಶಾಲೆಯೊಂದರ ವ್ಯಾನ್ ಓಡಿಸುತ್ತಾನೆ.

2025ರ ಅಕ್ಟೋಬರ್ ಕೊನೆಯಲ್ಲಿ ಅವನ ವಾಟ್ಸಾಪಿಗೆ ಒಂದು ವಿಡಿಯೊ ಬಂತು. ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ, ಆರ್.ವಿ. ಕಾಲೇಜಿನವರು ಸೇರಿ ಬೆಂಗಳೂರಿನಲ್ಲಿ ಮಾಡಿದ ಡ್ರೈವರಿಲ್ಲದ ಕಾರು. ಮುಂದಿನ ಸೀಟಿನಲ್ಲಿ ಮಠದ ಸ್ವಾಮಿಗಳು ಕುಳಿತಿದ್ದಾರೆ, ಕಾರು ಕಾಲೇಜಿನ ಆವರಣದಲ್ಲಿ ಮೆಲ್ಲಗೆ ಸಾಗುತ್ತಿದೆ. ಅಪ್ಪ ಅದನ್ನು ನಾಲ್ಕು ಸಲ ನೋಡಿದ.

“ಛಲೋ ಐತಿ. ಆದ್ರ ನಾ ಒಂದ್ ಕೇಳ್ತೀನಿ. ಘಾಟಿನಾಗ ಮುಂದಿನ ಲಾರಿಯವ ಬಲಗಡೆ ಇಂಡಿಕೇಟರ್ ಹಾಕಿದ ಅಂದ್ರ ಒಮ್ಮೊಮ್ಮೆ ‘ನಾ ಬಲಕ್ಕ ಹೊಳ್ಳತೀನಿ’ ಅಂತ, ಒಮ್ಮೊಮ್ಮೆ ‘ಮುಂದ ರೋಡ್ ಖಾಲಿ ಐತಿ, ನೀ ಹೋಗಪಾ’ ಅಂತ. ಯಾವಾಗ ಯಾವುದು ಅಂತ ಈ ಗಾಡಿಗೆ ಯಾರು ಹೇಳ್ತಾರ?”

“ನಿನಗ ಹೆಂಗ ತಿಳೀತಿತ್ತು?” ಎಂದೆ.

ಅಪ್ಪ ಬಹಳ ಹೊತ್ತು ಯೋಚಿಸಿದ. “ತಿಳೀತಿತ್ತು” ಎಂದ.

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಸವಣೂರಿನ ಗೆಳತಿಯ ಮಗುವಿನ ತೊಟ್ಟಿಲು ಕಾರ್ಯವಿತ್ತು. ಅವಳ ಗಂಡನ ಮನೆ ಅಲ್ಲಿಯೇ. ಮುಗಿಸಿಕೊಂಡು ರಾತ್ರಿ ಬಸ್ಸಿಗೆ ಹೊರಟೆ. ಡ್ರೈವರನ ಹಿಂದಿನ ಸೀಟು ಸಿಕ್ಕಿತ್ತು. ತಡಸ ಕ್ರಾಸ್ ದಾಟಿದ ಮೇಲೆ ದೀಪದ ಬೆಳಕಿನ ಅಂಚಿನಲ್ಲಿ, ಡಿವೈಡರಿನ ಸಂದಿಯಿಂದ ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ರಸ್ತೆಗಿಳಿದ. ಕ್ಯಾರಿಯರ್ ಮೇಲೆ ಅವನಿಗಿಂತ ಎತ್ತರದ ಕಣಕಿ ಹೊರೆ. ನನ್ನ ಬಲಗೈ ತೊಡೆಯ ಮೇಲೆ ತಾನಾಗಿ ಅಲುಗಿತು. ಮನುಷ್ಯನಿಗೆ ಒಂದು ಡಬ್ಬಿ. ಸೈಕಲ್ಲಿಗೆ ಇನ್ನೊಂದು. ಕಣಕಿಗೆ ನಮ್ಮ ಪುಸ್ತಕದಲ್ಲಿ ಹೆಸರೇ ಇರಲಿಲ್ಲ.

ಬ್ರೇಕಿಗೆ ಬಸ್ಸಿನವರೆಲ್ಲ ಮುಂದಕ್ಕೆ ಮುಗ್ಗರಿಸಿದರು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, “ಏ ಮಾವಾ, ಮನ್ಯಾಗ ಹೇಳಿ ಬಂದೀಯೇನ?” ಎಂದು ಕೂಗಿದ. ಮುದುಕ ತಿರುಗಿ ನೋಡದೆ ಒಂದು ಕೈ ಎತ್ತಿದ, ಹೊರೆ ಒಂದು ಕಡೆ ವಾಲಿತು, ಸರಿಪಡಿಸಿಕೊಂಡ. ಅವನು ಪೂರ್ತಿ ಆಚೆ ಬದಿ ಮುಟ್ಟುವವರೆಗೆ ಡ್ರೈವರ್ ಬೈಯುತ್ತಲೇ ಇದ್ದ, ಗೇರ್ ಹಾಕಲಿಲ್ಲ.